ಕೆಂಪು ಚೀಲ ಮುಗಿಸದ ಹುಡುಗಿ

"ಗುರುಗಳೇ, ಮಕ್ಕಳಿಗೆ ಓದು ಕಲಿಸುವ ಸಾಮಗ್ರಿಯನ್ನೆಲ್ಲ ಸಿದ್ಧಮಾಡಿಕೊಂಡಿದ್ದೇನೆ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಜೋಡಿಸಲಿ?" ಎಂದು ಚೆನ್ನವೀರ ಕೇಳಿದ. ಅವನಿಗೆ ಪ್ರಾಥಮಿಕ ಶಾಲೆಯಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು.

ಅವನ ಹುರುಪು ನೋಡಿ ಗುರುಗಳು ನಕ್ಕರು. ಆಮೇಲೆ ನಗು ಬಿಟ್ಟು ಈ ಕತೆ ಹೇಳಿದರು.

ಒಂದು ಊರಿನ ಶಾಲೆಯಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಮೈಗಳ್ಳಿಯಲ್ಲ. ರಜೆಯಲ್ಲೂ ಕತ್ತರಿ, ಅಂಟು ಹಿಡಿದು ಕೂರುವವಳು. ಓದು ಕಲಿಯುವ ಬಗೆಗಳನ್ನೆಲ್ಲ ವಿಂಗಡಿಸಿ, ನಾಲ್ಕು ಬಣ್ಣದ ಚೀಲ ಹೊಲಿದು ಗೋಡೆಗೆ ತೂಗುಹಾಕಿದಳು. ಚಿತ್ರ ನೋಡಿ ಮುಂದೇನಾಗುತ್ತದೆ ಎಂದು ಊಹಿಸುವ ಪಟ್ಟಿಗಳು ಕೆಂಪು ಚೀಲದಲ್ಲಿ. ಗೊತ್ತಿಲ್ಲದ ಪದವನ್ನು ಬಿಡಿಸಿ ಓದುವವು ಹಳದಿಯಲ್ಲಿ. ಓದಿದ್ದರ ಬಗ್ಗೆ ತಾನೇ ಪ್ರಶ್ನೆ ಕೇಳಿಕೊಳ್ಳುವವು ಹಸಿರಿನಲ್ಲಿ. ನೀಲಿ ಚೀಲದಲ್ಲಿ ಕತೆಪುಸ್ತಕಗಳು. ಒಂದು ಚೀಲ ಮುಗಿಸದೆ ಇನ್ನೊಂದಕ್ಕೆ ಕೈ ಹಾಕುವಂತಿರಲಿಲ್ಲ. ನೋಡಲು ಬಂದವರೆಲ್ಲ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ?

ಆ ತರಗತಿಯಲ್ಲಿ ಇಟ್ಟಿಗೆ ಭಟ್ಟಿಯ ಕೂಲಿ ಹೆಂಗಸಿನ ಮಗಳೊಬ್ಬಳಿದ್ದಳು. ಈ ವರ್ಷ ಓದು ಬಂದರೆ ಶಾಲೆ, ಬಾರದಿದ್ದರೆ ತನ್ನ ಜೊತೆ ಭಟ್ಟಿ ಎಂದು ತಾಯಿ ಖಡಾಖಂಡಿತವಾಗಿ ಹೇಳಿದ್ದಳು. ಓದಿಸುವ ಹೊಣೆ ತನ್ನದು ಎಂದು ಶಿಕ್ಷಕಿ ಮಾತು ಕೊಟ್ಟಳು.

ಹುಡುಗಿ ಕೆಂಪು ಚೀಲದಲ್ಲೇ ನಿಂತುಬಿಟ್ಟಳು. ಚಿತ್ರ ತೋರಿಸಿ ಮುಂದೇನು ಎಂದರೆ ಬಾಯಿ ಬಿಡುತ್ತಿರಲಿಲ್ಲ. ಒತ್ತಾಯ ಮಾಡಿದಾಗ, "ನೋಡದ್ದನ್ನ ಹೇಳಿದ್ರ ಸುಳ್ಳಾಗ್ತೈತ್ರಿ ಅಕ್ಕೋರ, ಅವ್ವ ಬಡೀತಾಳ" ಎಂದಳು. ಶಿಕ್ಷಕಿ ನಿಟ್ಟುಸಿರುಬಿಟ್ಟು ಅದೇ ಪಟ್ಟಿಗಳನ್ನು ಮತ್ತೆ ಮೊದಲಿನಿಂದ ಕೊಟ್ಟಳು.

ಒಮ್ಮೆ ಊಟದ ಬಿಡುವಿನಲ್ಲಿ ಶಿಕ್ಷಕಿ ಒಳಗೆ ಬಂದಾಗ, ಹುಡುಗಿ ನೀಲಿ ಚೀಲದ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ತಡವರಿಸುತ್ತ ಓದುತ್ತಿದ್ದಳು. ಶಿಕ್ಷಕಿಗೆ ಖುಷಿಯಾಗಿದ್ದು ನಿಜ. ಆದರೆ ಒಬ್ಬಳಿಗೆ ಬಿಟ್ಟರೆ ಎಲ್ಲರೂ ಕೈಹಾಕುತ್ತಾರೆ, ಜೋಡಿಸಿಟ್ಟದ್ದೆಲ್ಲ ಕಲಸುಮೇಲೋಗರವಾಗುತ್ತದೆ ಎಂದು ದಿಗಿಲಾಯಿತು. ಮೊದಲು ಕೆಂಪು ಚೀಲ ಮುಗಿಸಬೇಕು ಎಂದು ಹೇಳಿ, ಮೆಲ್ಲಗೆ ಪುಸ್ತಕ ತೆಗೆದುಕೊಂಡಳು. ಗದರಲಿಲ್ಲ. ಹುಡುಗಿ ಅಳಲೂ ಇಲ್ಲ. ಮತ್ತೆಂದೂ ನೀಲಿ ಚೀಲದ ಹತ್ತಿರ ಸುಳಿಯಲಿಲ್ಲ.

ವರ್ಷ ಮುಗಿಯಿತು. ಮಗಳಿಗೆ ಓದು ಬಂತೇ ಎಂದು ತಾಯಿ ಬಂದು ಕೇಳಿದಳು. ಶಿಕ್ಷಕಿಗೆ ಆ ಮಧ್ಯಾಹ್ನ ನೆನಪಾಯಿತು. ಆದರೆ ನಿಯಮ ತನ್ನದೇ. ಹುಡುಗಿ ಇನ್ನೂ ಕೆಂಪು ಚೀಲದಲ್ಲೇ ಇದ್ದಾಳೆ ಎಂದುಬಿಟ್ಟಳು. ತಾಯಿ ಮಗಳ ಕೈಹಿಡಿದು ಹೊರಟಳು.

ಶಿಕ್ಷಕಿಗೆ ಊಟ ಸೇರಲಿಲ್ಲ. ಕೊನೆಗೆ ತಡೆಯಲಾರದೆ, ಅಂದು ತೆಗೆದುಕೊಂಡ ಆ ಪುಸ್ತಕವನ್ನೇ ಹಿಡಿದು ಭಟ್ಟಿಗೆ ಹೋದಳು. ಹುಡುಗಿ ಹಸಿ ಇಟ್ಟಿಗೆಗಳನ್ನು ಬಿಸಿಲಿಗೆ ಮಗುಚಿಹಾಕುತ್ತಿದ್ದಳು. ಪುಸ್ತಕ ಮುಂದೆ ಚಾಚಿದರೆ, ಮಣ್ಣಾದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ್ರಿ ಅಕ್ಕೋರ. ನನ್ನ ಕೆಂಪು ಚೀಲ ಇನ್ನೂ ಮುಗದಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ದುಃಖ ಒತ್ತರಿಸಿ ಬಂತು. "ಹಾಗಾದರೆ ಆ ಮಗು ಇಡೀ ವರ್ಷ ಏನೂ ಕಲಿಯಲೇ ಇಲ್ಲವೇ?" ಎಂದು ಕೇಳಿದ.

"ಕಲಿತಳಲ್ಲಪ್ಪ, ಶಿಕ್ಷಕಿ ಕಲಿಸಿದ್ದನ್ನೇ ಕಲಿತಳು."