ಎರಡು ತಗಡುಗಳ ನಡುವಿನ ಶೂನ್ಯ

ಪ್ರಯೋಗಶಾಲೆಯ ಗಾಜಿನ ಪಾತ್ರೆಯೊಳಗೆ ಚಿನ್ನದ ಲೇಪದ ಎರಡು ತಗಡುಗಳು, ಒಂದು ಹಿರಿಯದು ಒಂದು ಕಿರಿಯದು, ಸಣ್ಣ ಸ್ಪ್ರಿಂಗುಗಳ ಆಸರೆಯಲ್ಲಿ ಎದುರುಬದುರಾಗಿ ನಿಂತಿದ್ದವು. ನಡುವೆ ಕೂದಲೆಳೆಗಿಂತ ಕಿರಿದಾದ ಸಂದು. ಒಮ್ಮೆ ತಾಗಿದರೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತೇವೆ ಎಂದು ಎರಡಕ್ಕೂ ಗೊತ್ತಿತ್ತು.

ಗಾಳಿಯ ಬಡಿತಕ್ಕೆ ಬೇಸತ್ತಿದ್ದ ಅವು, ಪಾತ್ರೆಗೆ ಜೋಡಿಸಿದ ಪಂಪು ಒಳಗಿನ ಗಾಳಿಯನ್ನೆಲ್ಲ ಹೀರಿದ ದಿನ ಇನ್ನಾದರೂ ನೆಮ್ಮದಿ ಎಂದುಕೊಂಡವು. ಆದರೆ ಸಂದು ಇನ್ನಷ್ಟು ಕಿರಿದಾಗತೊಡಗಿತು.

"ನನ್ನನ್ನೇಕೆ ಎಳೆಯುತ್ತೀಯೆ?" ಎಂದಿತು ಕಿರಿಯ ತಗಡು.

"ಎಳೆಯುತ್ತಿರುವುದು ನೀನು," ಎಂದಿತು ಹಿರಿಯದು.

ಸಿಟ್ಟಿನಿಂದ ಎರಡೂ ಕೊಸರಿಕೊಂಡವು. ಕೊಸರಿದಷ್ಟೂ ತೂಗಾಡಿ ಮತ್ತಷ್ಟು ಹತ್ತಿರ ಬಂದವು. ಕೊನೆಗೆ ಸೋತು, ಗಾಳಿ ಹೋದ ಮೇಲೆ ನಡುವೆ ಉಳಿದಿದ್ದ ಶೂನ್ಯದ ಬಳಿ ನ್ಯಾಯ ಕೇಳಿದವು.

"ಇಬ್ಬರದೂ ತಪ್ಪಿಲ್ಲ," ಎಂದಿತು ಶೂನ್ಯ ದಣಿದ ದನಿಯಲ್ಲಿ. "ನನ್ನನ್ನು ಖಾಲಿ ಎನ್ನುತ್ತಾರೆ. ಆದರೆ ನನ್ನೊಳಗೆ ಅಲೆಗಳು ಏಳುವುದು ನಿಂತದ್ದೇ ಇಲ್ಲ. ನಿಮ್ಮ ಹೊರಗೆ ಎಲ್ಲ ಅಲೆಗಳಿಗೂ ಜಾಗವಿದೆ, ನಡುವೆ ಚಿಕ್ಕವಕ್ಕೆ ಮಾತ್ರ. ಹೊರಗಿನ ಅಲೆಗಳೇ ಹೆಚ್ಚಾಗಿರುವುದರಿಂದ ಅವು ನಿಮ್ಮನ್ನು ಒಳಕ್ಕೆ ತಳ್ಳುತ್ತಿವೆ."

"ನಿಲ್ಲಿಸಲಾರೆಯಾ?" ಎಂದಿತು ಹಿರಿಯ ತಗಡು.

"ನಿಲ್ಲಿಸಲು ಬಂದಿದ್ದರೆ ನಾನೂ ಎಂದೋ ಮಲಗಿರುತ್ತಿದ್ದೆ."

ತಗಡುಗಳು ಕೊಸರುವುದನ್ನು ಬಿಟ್ಟವು. ಹೊರಗಿನ ಒತ್ತಡ ಒಂದಿಷ್ಟೂ ತಗ್ಗಲಿಲ್ಲ. ಆದರೆ ತೂಗಾಟ ನಿಂತದ್ದರಿಂದ ಸ್ಪ್ರಿಂಗುಗಳು ಅವನ್ನು ತಾಗದಂತೆ ಹಿಡಿದು ನಿಲ್ಲಿಸಿದವು. ಹಿರಿಯದು, "ನಿನ್ನನ್ನು ಸುಮ್ಮನೆ ಬೈದೆ," ಎಂದಿತು.

"ನಾನೂ," ಎಂದಿತು ಕಿರಿಯದು.