ಲಾಯದಿಂದ ಹೊರಟ ಮಾರ್ಷಲ್

ಮೈಸೂರಿನ ಒಂದು ಕುದುರೆ ಸವಾರಿ ಶಾಲೆಯಲ್ಲಿ ಚಿನ್ಮಯಿ ಎಂಬ ಹುಡುಗಿ ಕಲಿಯುತ್ತಿದ್ದಳು. ಸವಾರಿಯಲ್ಲಿ ಅವಳದು ಎತ್ತಿದ ಕೈ. ಶಾಲೆಯ ಪೆರೇಡಿಗೆ ಮಾರ್ಷಲ್ ಆಗಿ, ಹೆಗಲಿಗೆ ಕೆಂಪು ಪಟ್ಟಿ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಹೋಗಬೇಕೆಂಬುದೊಂದೇ ಅವಳ ಆಸೆ. ನೋಟ್‌ಬುಕ್ಕಿನ ತುಂಬ ‘ಮಾರ್ಷಲ್ ಚಿನ್ಮಯಿ’ ಎಂದು ಬರೆದುಕೊಂಡಿದ್ದೂ ಆಗಿತ್ತು.

ಸವಾರಿಗೆ ಮೊದಲು ಅವರವರ ಕುದುರೆಯ ಗೊರಸನ್ನು ಅವರವರೇ ಕೆರೆದು ಚೊಕ್ಕ ಮಾಡಬೇಕೆಂಬುದು ಅಲ್ಲಿನ ನಿಯಮ. ಸರಿಯಾಗಿ ಆ ಹೊತ್ತಿಗೇ ಚಿನ್ಮಯಿಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು. ಗೊರಸು ಯಾಕೆ ಕೆರೆಯುವುದಿಲ್ಲವೆಂದು ಗುರುಗಳಾದ ಅರಸು ಮೇಷ್ಟ್ರು ಒಂದು ದಿನ ಅವಳನ್ನು ಕೇಳಿಯೇ ಬಿಟ್ಟರು.

“ಅದು ಆಳಿನ ಕೆಲಸ ಅಲ್ವಾ ಸಾರ್? ನಾನು ಮಾರ್ಷಲ್ ಆಗೋಳು!”

ಮೇಷ್ಟ್ರು ನಕ್ಕರು. “ಮಾರ್ಷಲ್ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತೇನಮ್ಮಾ? ಹಳೇ ಜರ್ಮನ್ ಭಾಷೆಗಳ ಬಳಗದ್ದು. ಅರ್ಥ, ಕುದುರೆ ನೋಡಿಕೊಳ್ಳೋ ಆಳು. ಫ್ರಾನ್ಸಿಗೆ ಹೋಗಿ ಅರಮನೆ ಲಾಯ ನೋಡಿಕೊಳ್ತು, ಆಮೇಲೆ ದಂಡು ನಡೆಸ್ತು. ಇಂಗ್ಲಿಷಿಗೂ ಬಂದು ದೊಡ್ಡ ಮನುಷ್ಯ ಆಯ್ತು.”

ಚಿನ್ಮಯಿಯ ಮುಖ ಸಪ್ಪಗಾಯಿತು. ಇಷ್ಟು ದಿನ ನೋಟ್‌ಬುಕ್ಕಿನಲ್ಲಿ ‘ಆಳು ಚಿನ್ಮಯಿ’ ಎಂದು ಬರೆದುಕೊಂಡೆನೇ ಎಂದು ಸಿಟ್ಟೂ ಬಂತು.

ಆಯ್ಕೆಯ ದಿನ ಬಂತು. ಮೈದಾನವನ್ನು ನಿಲ್ಲದೆ ಮೂರು ಸುತ್ತು ಹಾಕಬೇಕು. ನಡುವೆ ನಿಂತವರಿಗೆ ಪಟ್ಟಿ ಇಲ್ಲ. ಆವತ್ತೂ ಅವಳು ಗೊರಸಿನ ಗೊಡವೆಗೆ ಹೋಗಿರಲಿಲ್ಲ.

ಅವಳ ಕುದುರೆ ಬಿಜಲಿ ಎರಡು ಸುತ್ತು ಗಾಳಿಯಂತೆ ಹೋಯಿತು. ಮೂರನೆಯದರಲ್ಲಿ ಮುಂಗಾಲು ಎಳೆಯತೊಡಗಿತು. ಗೊರಸಿನಲ್ಲಿ ಕಲ್ಲು ಸಿಕ್ಕಿದೆ! ಇನ್ನಿದ್ದದ್ದು ಅರ್ಧ ಸುತ್ತು. ಒಂದು ಏಟು ಕೊಟ್ಟರೆ ಓಡೀತು, ಪಟ್ಟಿಯೂ ಸಿಕ್ಕೀತು. ಪಾಪ, ಬಿಜಲಿ ಅಷ್ಟು ನೋವಿನಲ್ಲೂ ಅವಳ ಮಾತು ಮೀರದೆ ಕುಂಟುತ್ತ ಹೊರಟೇ ಇತ್ತು. ಚಿನ್ಮಯಿ ಏಟು ಕೊಡಲಿಲ್ಲ. ಲಗಾಮು ಜಗ್ಗಿ ಇಳಿದೇಬಿಟ್ಟಳು. ಬಿಳಿ ಷರಾಯಿ ಕೆಸರಾಗುವಂತೆ ಮೊಣಕಾಲೂರಿ, ಬೆರಳಿನಿಂದಲೇ ಕಲ್ಲು ಕಿತ್ತಳು.

“ತಪ್ಪಾಯ್ತು ಕಣೇ ಬಿಜಲಿ.”

ಕೆಂಪು ಪಟ್ಟಿ ಬೇರೊಬ್ಬಳ ಹೆಗಲೇರಿತು. ಚಿನ್ಮಯಿ ಬಿಕ್ಕಿಬಿಕ್ಕಿ ಅತ್ತಳು. ಮೇಷ್ಟ್ರು ಬಂದು ಗೊರಸು ಕೆರೆಯುವ ಕಬ್ಬಿಣದ ಕೊಕ್ಕೆಯನ್ನು ಅವಳ ಕೈಗಿಟ್ಟರು.

“ಪಟ್ಟಿ ಮುಂದಿನ ವರ್ಷಾನೂ ಇರುತ್ತೆ. ಮಾರ್ಷಲ್ ಅನ್ನೋ ಮಾತೂ ಲಾಯದಿಂದಾನೇ ಹೊರಟಿದ್ದಲ್ವೇನಮ್ಮಾ? ನೀನು ಇವತ್ತು ಅಲ್ಲಿಂದ ಹೊರಟಿದ್ದೀಯ.”

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲಾಯಕ್ಕೆ ಬಂದವಳು ಚಿನ್ಮಯಿ. ಅವಳು ಕೊಕ್ಕೆ ಹಿಡಿದು ಬಗ್ಗುವ ಮೊದಲೇ ಬಿಜಲಿ ತಾನಾಗಿ ಕಾಲೆತ್ತಿ ಕೊಟ್ಟಿತು.

ನೀತಿ: ನಮ್ಮನ್ನು ಹೊತ್ತವರ ನೋವಿಗೆ ಬಗ್ಗಲು ಕಲಿತವರಿಗೇ ಮುಂದೆ ನಿಂತು ನಡೆಸುವ ಯೋಗ್ಯತೆ ಬರುತ್ತದೆ. ಆ ಕಲಿಕೆಯನ್ನು ಯಾವ ದಿನ ಶುರುಮಾಡಿದರೂ ಆದೀತು.