ಹೆಜ್ಜೆ ಒತ್ತದ ದೂರು

ಹೊಂಗೆಮಡು ಎಂಬ ಕೊಳದ ಕೆಳಗಿನ ಇಳಿಜಾರಿನಲ್ಲಿ ಒಂದು ಮುಳ್ಳುಹಂದಿ ಬಿಲ ಮಾಡಿಕೊಂಡಿತ್ತು. ಕೊಳದ ಕಾವಲುಗಾರನನ್ನು ಆರಿಸುವ ಚುನಾವಣೆ ಬಂದಾಗ, ದೂರು ತೆಗೆದುಕೊಳ್ಳುವ ಕೆಲಸವನ್ನು ಕಾಡಿನ ಸರ್ಕಾರ ಅದಕ್ಕೇ ವಹಿಸಿತು. ಮುಳ್ಳುಹಂದಿ ಲಂಚ ಮುಟ್ಟುವ ಪ್ರಾಣಿಯಲ್ಲ, ಯಾರಿಗೂ ಹೆದರುವುದೂ ಇಲ್ಲ. ಆದರೆ, ಮಕ್ಕಳೇ, ನಿಯಮದ ಒಂದಕ್ಷರ ಆಚೀಚೆ ಆದರೂ ಅದಕ್ಕೆ ಊಟ ಸೇರುತ್ತಿರಲಿಲ್ಲ.

ಆ ಸಲ ನಿಂತವರು ಇಬ್ಬರು: ಮುದಿ ಆಮೆ ಮತ್ತು ಕಾಡುಹಂದಿ. ಮತ ಕೇಳುವವರು ಮತದಾರರಿಗೆ ತಿನ್ನಲು ಏನನ್ನೂ ಕೊಡಬಾರದೆಂದು ಕಾನೂನಿತ್ತು.

ಮತದಾನದ ದಿನ ಬೆಳಿಗ್ಗೆ ಕೇರೆಹಾವು ಏದುಸಿರು ಬಿಡುತ್ತ ಬಂತು.

"ಮುಳ್ಳಣ್ಣಾ, ಕಾಡುಹಂದಿ ಮೊಲಗಳಿಗೆಲ್ಲ ಗೆಣಸು ಹಂಚ್ತಾ ಇದಾನೆ! ಪೊದೆಯೊಳಗಿಂದ ಕಣ್ಣಾರೆ ನೋಡಿದೆ. ಗೆದ್ದರೆ ದಂಡೆಯ ಮೆತ್ತನೆ ಮಣ್ಣೆಲ್ಲ ನಮ್ಮದೇ ಅಂತ ತಮ್ಮನ ಹತ್ತಿರ ಹೇಳ್ತಿದ್ದ. ದಂಡೆ ಅಗೆದರೆ ಕೊಳ ಉಳಿಯುತ್ತಾ?"

"ಎಲೆಯ ಮೇಲೆ ಬರೆದು ಕೊಡು."

ಹಾವು ಬಾಲದ ತುದಿಯಿಂದ ಮುತ್ತುಗದ ಎಲೆಯ ಮೇಲೆ ಗೀಚಿ ಕೊಟ್ಟಿತು. ಮುಳ್ಳುಹಂದಿ ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿತು.

"ಕೆಳಗೆ ಹೆಜ್ಜೆ ಗುರುತು ಎಲ್ಲಿ?"

"ನನಗೆ ಕಾಲೇ ಇಲ್ಲವಲ್ಲ ಅಣ್ಣಾ!"

"ಅದು ನನಗೂ ಕಾಣುತ್ತೆ. ಆದರೆ ಹೆಜ್ಜೆ ಒತ್ತದ ದೂರನ್ನ ತಗೊಳ್ಳೋ ಹಾಗಿಲ್ಲ."

ಹಾವು ಕೊಳಕ್ಕೆ ಹೋಗಿ ಕಪ್ಪೆಗಳನ್ನು ಕರೆಯಿತು. ಹಾವು ಕರೆದರೆ ಯಾವ ಕಪ್ಪೆ ಬಂದೀತು? ಆದರೂ ದಂಡೆಯ ಮಾತು ಕೇಳಿದ ಒಂದು ಹೆಣ್ಣುಕಪ್ಪೆ ಮನಸ್ಸು ಗಟ್ಟಿ ಮಾಡಿ, ನಾಲ್ಕು ಮಾರು ದೂರದಲ್ಲೇ ಕುಪ್ಪಳಿಸುತ್ತ ಹಾವಿನ ಹಿಂದೆ ಮುಳ್ಳುಹಂದಿಯ ಬಳಿಗೆ ಬಂತು.

"ಇವಳ ಪರವಾಗಿ ನಾನು ಒತ್ತುತ್ತೀನಿ," ಎಂದು ಕೆಸರುಗಾಲು ಎತ್ತಿತು.

"ಗೆಣಸು ಹಂಚಿದ್ದನ್ನ ನೀನು ನೋಡಿದೆಯಾ?"

"ನಾನಲ್ಲ, ಇವಳು ನೋಡಿದಾಳೆ."

"ಹಾಗಾದರೆ ನಿನ್ನ ಹೆಜ್ಜೆ ನಡೆಯಲ್ಲ."

ಹಾವು ಅಂಗಲಾಚಿತು. "ನೀವೇ ಒಂದು ಸಲ ಬಂದು ನೋಡಿ ಅಣ್ಣಾ. ಮೊಲಗಳು ಇನ್ನೂ ಅಗಿಯುತ್ತಾ ಕೂತಿರುತ್ತವೆ."

"ದೂರು ದಾಖಲಾಗದೆ ನಾನು ಹೇಗೆ ಬರಲಿ?"

ಮಾತಿನಲ್ಲೇ ಮಧ್ಯಾಹ್ನ ಕಳೆಯಿತು. ಸಂಜೆಗೆ ಕಾಡುಹಂದಿ ಗೆದ್ದಿತು. ಒಂದೂ ದೂರಿಲ್ಲದೆ ಚುನಾವಣೆ ಸುಸೂತ್ರವಾಗಿ ಮುಗಿಯಿತೆಂದು ಮುಳ್ಳುಹಂದಿ ಸರ್ಕಾರಕ್ಕೆ ವರದಿ ಕಳಿಸಿ ನೆಮ್ಮದಿಯಿಂದ ಉಂಡಿತು.

ಮೂರೇ ದಿನ. ಕಾಡುಹಂದಿಯ ಬಳಗ ಗೆಡ್ಡೆ ಹುಡುಕುತ್ತ ದಂಡೆಯುದ್ದಕ್ಕೂ ಅಗೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ದಂಡೆ ಒಡೆದು, ನೀರು ಧುಮುಕಿ ಬಂದು ಮುಳ್ಳುಹಂದಿಯ ಬಿಲಕ್ಕೇ ನುಗ್ಗಿತು. ಹೇಗೋ ಜೀವ ಉಳಿಸಿಕೊಂಡು ಮೇಲೆ ಹತ್ತಿ ನೋಡಿದರೆ ಕೊಳದಲ್ಲಿ ಬರೀ ಕೆಸರು. ಬಂಡೆಯ ಮೇಲೆ ಹಾವು, ಅದರಿಂದ ಸ್ವಲ್ಪ ದೂರದಲ್ಲಿ ಕಪ್ಪೆ, ಎರಡೂ ಆ ಕೆಸರನ್ನೇ ನೋಡುತ್ತ ಕೂತಿದ್ದವು.

ಮುಳ್ಳುಹಂದಿಗೆ ತಲೆ ಎತ್ತಲಾಗಲಿಲ್ಲ. "ಕೇರಮ್ಮಾ, ಆವತ್ತು ಕಂಡದ್ದನ್ನ ಬಾಯಲ್ಲೇ ಹೇಳು. ಸರ್ಕಾರಕ್ಕೆ ನಾನೇ ತಿಳಿಸ್ತೀನಿ," ಎಂದಿತು.

"ಹೇಳೋದಕ್ಕೇನಣ್ಣಾ, ಹೇಳ್ತೀನಿ," ಎಂದಿತು ಹಾವು. "ಕಾಡುಹಂದಿ ಕುರ್ಚಿಯಿಂದ ಕೆಳಗಿಳಿದಾನು. ಇಳಿದುಹೋದ ನೀರು ಮೇಲೆ ಹತ್ತಿ ಬರುತ್ತಾ?"

ನೀತಿ: ದೂರಿನಲ್ಲಿ ಲೋಪ ಹುಡುಕುತ್ತ ಕೂತರೆ ನಡೆದ ತಪ್ಪು ಕಾಣುವುದಿಲ್ಲ, ನ್ಯಾಯವನ್ನು ಹೊತ್ತು ಮೀರುವ ಮುನ್ನ ಕೊಡಬೇಕು.